ಗೋಡೆ ಎಲ್ಲುಂಟು ಸರ್?

ಮಂಗಳವಾರದ ಪ್ರಾಕ್ಟಿಕಲ್ ಮುಗಿದಾಗಿನಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ.

ಕೇಳಿದವಳು ಕೊನೆಯ ಬೆಂಚಿನ ಹುಡುಗಿ. ವರ್ಷವಿಡೀ ಬಾಯಿ ಬಿಟ್ಟವಳಲ್ಲ. ರೆಕಾರ್ಡ್ ಬುಕ್ ಕೊಡುವುದೂ ಎಲ್ಲರಿಗಿಂತ ತಡ. ಮೀನಿನ ಕಿವಿರಿನ ಸ್ಲೈಡ್ ಇಟ್ಟಿದ್ದೆ. ಒಂದು ಎಳೆ, ಅದರ ಎರಡೂ ಬದಿಗೆ ಬಾಚಣಿಗೆ ಹಲ್ಲಿನಂತೆ ತೆಳು ಹಾಳೆಗಳು. "ಹಾಳೆಯೊಳಗೆ ಲೋಮನಾಳಗಳಿವೆ, ಬರ್ಕೊಳ್ಳಿ" ಎಂದೆ. ಲೋಮನಾಳ ಅಂದರೆ ಕೂದಲೆಳೆಯಂಥ ಸಣ್ಣ ರಕ್ತನಾಳ. 18 ವರ್ಷದಿಂದ ಹೇಳುತ್ತಿರುವುದು ಅದೇ. ಬೋರ್ಡಿನ ಮೇಲೆ ಕೆಂಪು ಚಾಕಿನಲ್ಲಿ ಕೊಳವೆ ಬಿಡಿಸುವುದೂ ಅದೇ.

ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದಳು: "ನಾಳ ಅಂದ್ರೆ ಗೋಡೆ ಬೇಕಲ್ಲ? ಗೋಡೆ ಎಲ್ಲುಂಟು ಸರ್?"

ಬಗ್ಗಿ ನೋಡಿದೆ. ಸಾಲಾಗಿ ನೀಲಿ ಚುಕ್ಕೆಗಳು, ಅಂದರೆ ಬಣ್ಣ ಹಿಡಿದ ನ್ಯೂಕ್ಲಿಯಸ್‌ಗಳು, ನಡುವೆ ರಕ್ತಕಣಗಳು. ಮೀನಿನ ಕೆಂಪುಕಣಕ್ಕೂ ನ್ಯೂಕ್ಲಿಯಸ್ ಇರುತ್ತದಲ್ಲ, ಯಾವ ಚುಕ್ಕೆ ಯಾವುದರದ್ದೋ! "ಟೈಮಾಯ್ತು, ನಾಳೆ ಹೇಳ್ತೇನೆ" ಎಂದು ಜಾರಿಕೊಂಡೆ.

ರಾತ್ರಿ ಹಳೆ ಪುಸ್ತಕ ತೆರೆದರೆ, ಕೊಳವೆಗಳೇ ಇಲ್ಲ! ಎರಡು ತೆಳು ಪೊರೆಗಳ ನಡುವೆ ಕಂಬಗಳಂತೆ ನಿಂತ ಜೀವಕೋಶಗಳು. ಕಂಬದ ಎರಡೂ ತುದಿ ಅಗಲವಾಗಿ ಹರಡಿ, ಪಕ್ಕದ ಕಂಬದ ತುದಿಗೆ ಕೂಡಿ, ಅದೇ ನೆಲ, ಅದೇ ಮಾಡು. ಅಡ್ಡಗೋಡೆ ಇಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಜನ ಕಂಬ ಬಳಸಿಕೊಂಡು ಓಡಾಡುವ ಹಾಗೆ ರಕ್ತ ಹರಿಯುತ್ತದೆ. ಹಾಳೆಯ ಹೊರಅಂಚಿನಲ್ಲಿ ಮಾತ್ರ ನಾಳ ಅನ್ನಬಹುದಾದ ಒಂದು ದಾರಿ.

ಕಂಬ ಬೇಕೇ ಬೇಕು. ಮೀನಿನ ಹೃದಯದಿಂದ ಹೊರಟ ರಕ್ತ ಮೊದಲು ಬರುವುದೇ ಕಿವಿರಿಗೆ, ಒತ್ತಡ ಜಾಸ್ತಿ. ಹಿಡಿದಿಡುವವರಿಲ್ಲದಿದ್ದರೆ ಹಾಳೆ ಬಲೂನಿನಂತೆ ಉಬ್ಬಿಬಿಡುತ್ತದೆ. ಹೊರಗೆ ನೀರು ಒಂದು ಕಡೆಗೆ, ಒಳಗೆ ರಕ್ತ ಅದರ ಎದುರು ಕಡೆಗೆ, ಹಾಗಾಗಿ ಆಮ್ಲಜನಕ ಚೆನ್ನಾಗಿ ಸಿಗುತ್ತದೆ ಅನ್ನುವುದನ್ನು ಮಾತ್ರ ನಾನು ರಸವತ್ತಾಗಿ ಪಾಠ ಮಾಡುತ್ತೇನೆ. ಕಂಬದ ಹತ್ತಿರ ಹೋಗಿಯೇ ಇರಲಿಲ್ಲ.

ಸಹೋದ್ಯೋಗಿಗೆ ಹೇಳಿದೆ. "ಸಿಲಬಸ್‌ನಲ್ಲಿಲ್ಲ, ಸುಮ್ನಿರಿ ಮಾರಾಯ್ರೆ" ಎಂದರು. ಒಳ್ಳೆಯವರೇ, ಆದರೆ ಅವರಿಗೆ ಎಲ್ಲದಕ್ಕೂ ಇದೇ ಉತ್ತರ. ಆ ಹುಡುಗಿಯೋ, ಬುಧವಾರದಿಂದ ಕ್ಲಾಸಿಗೇ ಬಂದಿಲ್ಲ.

ಇವತ್ತು ಮಾರ್ಕೆಟ್ಟಿನಲ್ಲಿ ಮೀನಿನ ಅಕ್ಕ ಬಂಗುಡೆಯ ಕಿವಿರು ಎತ್ತಿ ತೋರಿಸಿದರು. "ನೋಡಿ, ಎಷ್ಟು ಕೆಂಪುಂಟು! ಈಗಷ್ಟೇ ಬಂದದ್ದು."

ನೋಡುತ್ತಲೇ ನಿಂತೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರಂತೆ.

"ತೆಗೊಳ್ತೀರಾ ಇಲ್ವಾ?"