ಬ್ರಿಟಿಷರಿದ್ದ ಕೆನಡಾದಲ್ಲಿ ಕ್ರಿಕೆಟ್ ಯಾಕೆ ಬೆಳೆಯಲಿಲ್ಲ?

ಊರಿಗೆ ಹೋದಾಗಲೆಲ್ಲ ಸೋದರಮಾವ ಕಾಫಿ ಲೋಟ ಕೈಗಿಟ್ಟು ಶುರು ಮಾಡುತ್ತಾರೆ. "ಅಲ್ಲಾ ಕಣೋ, ಕೆನಡಾನೂ ಬ್ರಿಟಿಷರ ಕೈಲೇ ಇತ್ತಲ್ವಾ? ಮತ್ತೆ ಅಲ್ಲಿ ಕ್ರಿಕೆಟ್ ಯಾಕಿಲ್ಲ?" ಟೊರಾಂಟೊಗೆ ಹೊಸದಾಗಿ ಬರುವ ಕನ್ನಡದವರೂ ಇದನ್ನೇ ಕೇಳುತ್ತಾರೆ. "ಚಳಿ ಜಾಸ್ತಿ" ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಅದು ಅರ್ಧ ಉತ್ತರ ಅಷ್ಟೇ.

ಕ್ರಿಕೆಟ್ ಇಲ್ಲಿಗೆ ಬರಲೇ ಇಲ್ಲ ಅಂದುಕೊಳ್ಳಬೇಡಿ. ಎರಡು ದೇಶಗಳ ನಡುವೆ ಮೊದಲ ಕ್ರಿಕೆಟ್ ಪಂದ್ಯ ನಡೆದದ್ದು 1844ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ. ಆಡಿದವರು ಕೆನಡಾ ಮತ್ತು ಅಮೆರಿಕ! ಕೆನಡಾ 82 ಮತ್ತು 63, ಅಮೆರಿಕ 64 ಮತ್ತು 58. ಕೆನಡಾ 23 ರನ್ನುಗಳಿಂದ ಗೆದ್ದಿತು.

ಇದಕ್ಕೂ ನಾಲ್ಕು ವರ್ಷ ಮುಂಚೆ ಒಂದು ತಮಾಷೆ ನಡೆದಿತ್ತು. ಫಿಲ್‌ಪಾಟ್ಸ್ ಅಂತ ಹೇಳಿಕೊಂಡ ಒಬ್ಬ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ಲಬ್ಬಿಗೆ ಹೋಗಿ, "ಟೊರಾಂಟೊಗೆ ಬನ್ನಿ, ಆಡೋಣ" ಅಂತ ಕರೆದ. ಅವರು ಅಷ್ಟು ದೂರದಿಂದ ಬ್ಯಾಟು ಹೊತ್ತು ಬಂದರೆ, ಟೊರಾಂಟೊ ಕ್ಲಬ್ಬಿನವರಿಗೆ ಸುದ್ದಿಯೇ ಗೊತ್ತಿಲ್ಲ! ಕರೆದವನು ಮೋಸಗಾರ. ಬಂದವರನ್ನು ಹಾಗೇ ಕಳಿಸುವುದು ಹೇಗೆ ಅಂತ ಅವಸರದಲ್ಲಿ ಪಂದ್ಯ ಆಡಿಸಿದರು. ನೆಂಟರೇ ಹತ್ತು ವಿಕೆಟ್‌ಗಳಿಂದ ಗೆದ್ದು ಹೋದರು.

ಆಗ ಟೊರಾಂಟೊದಲ್ಲಿ ಕ್ರಿಕೆಟ್ ಆಡುತ್ತಿದ್ದವರು ಸೈನ್ಯದ ಅಧಿಕಾರಿಗಳು, ದೊಡ್ಡ ಮನೆತನದವರು, ಅಪ್ಪರ್ ಕೆನಡಾ ಕಾಲೇಜು ಅನ್ನುವ ಶಾಲೆಯ ಹುಡುಗರು. ಆ ಶಾಲೆಯ ಮೇಷ್ಟ್ರು ಜಾರ್ಜ್ ಬಾರ್ಬರ್ ಅವರೇ ಇಲ್ಲಿ ಕ್ರಿಕೆಟ್ ಬೆಳೆಸಿದವರು. ಅಂದರೆ ಬೇಸಿಗೆಯಲ್ಲಿ ಇಡೀ ದಿನ ಬಿಡುವಿದ್ದವರ ಆಟ. ನನ್ನ ಪ್ರಕಾರ ಎಲ್ಲ ನಿಂತಿರುವುದು ಆ ಬಿಡುವಿನ ಮೇಲೆ.

ರೈತನಿಗೆ ಬೇಸಿಗೆಯಲ್ಲಿ ಬಿಡುವೆಲ್ಲಿ? ಹಿಮ ಕರಗಿದ ಮೇಲೆ ಸಿಗುವ ನಾಲ್ಕೈದು ತಿಂಗಳಲ್ಲೇ ಉಳುಮೆ, ಬಿತ್ತನೆ, ಕೊಯ್ಲು ಎಲ್ಲ ಮುಗಿಯಬೇಕು. ದೊಡ್ಡ ಕೊಟ್ಟಿಗೆ ಎಬ್ಬಿಸಬೇಕಾದರೆ ಅಕ್ಕಪಕ್ಕದವರೆಲ್ಲ ಸೇರುತ್ತಿದ್ದರು, ಥೇಟ್ ನಮ್ಮ ಮುಯ್ಯಾಳಿನ ಹಾಗೆ. ಸಂಜೆ ಊಟ, ವಿಸ್ಕಿ, ಪಿಟೀಲು, ಕುಣಿತ. ಅವರ ಮನರಂಜನೆ ಅದೇ. ಭಾನುವಾರ ಆಡೋಣ ಅಂದರೆ, ಈಗಿನ ಒಂಟಾರಿಯೊ ಭಾಗದಲ್ಲಿ 1845ರ ಕಾಯ್ದೆ ಅವತ್ತು ಚೆಂಡಾಟವನ್ನೇ ನಿಷೇಧಿಸಿತ್ತು.

ಚಳಿಗಾಲ ಬಂದರೆ ಎಲ್ಲ ಉಲ್ಟಾ. ಸೇಂಟ್ ಲಾರೆನ್ಸ್ ನದಿ ಹೆಪ್ಪುಗಟ್ಟಿ ಮಾಂಟ್ರಿಯಲ್‌ಗೆ ಹಡಗು ಬರುತ್ತಿರಲಿಲ್ಲ. ವ್ಯಾಪಾರ ತಣ್ಣಗೆ, ಸಿಪಾಯಿಗಳಿಗೆ ಕೆಲಸ ಕಡಿಮೆ, ರೈತನಿಗೆ ಹೊಲವೇ ಕಾಣದು. ಬೇಸಿಗೆಯ ಕೆಸರು ರಸ್ತೆಗಿಂತ ಹಿಮದ ದಾರಿಯಲ್ಲಿ ಜಾರುಬಂಡಿ ಸಲೀಸಾಗಿ ಓಡುತ್ತಿತ್ತು. ಸ್ಕಾಟ್ಲೆಂಡಿನ ವ್ಯಾಪಾರಿಗಳು 1807ರಲ್ಲೇ ಮಾಂಟ್ರಿಯಲ್‌ನಲ್ಲಿ, ಐಸ್ ಮೇಲೆ ಆಡುವ ಕರ್ಲಿಂಗ್ ಆಟಕ್ಕೆ ಕ್ಲಬ್ ಕಟ್ಟಿದರು. ಮೂಲನಿವಾಸಿಗಳಿಂದ ಕಲಿತ ಹಿಮಪಾದುಕೆ ಕಟ್ಟಿಕೊಂಡು ನಡೆಯುವುದಕ್ಕೂ ಕ್ಲಬ್‌ಗಳಾದವು.

1875ರ ಮಾರ್ಚ್ 3ರಂದು ಅದೇ ಊರಿನ ವಿಕ್ಟೋರಿಯಾ ರಿಂಕ್ ಅನ್ನುವ ಐಸ್ ಅಂಗಳದಲ್ಲಿ, ಚಾವಣಿಯ ಕೆಳಗೆ, ತಂಡಕ್ಕೆ ಒಂಬತ್ತು ಜನರಂತೆ ಐಸ್ ಹಾಕಿ ಆಡಿದರು. ಚೆಂಡು ಹಾರಿ ನೋಡುವವರ ಮುಖಕ್ಕೆ ಬಡಿದೀತು ಅಂತ ಚಪ್ಪಟೆ ಮರದ ಬಿಲ್ಲೆ ಬಳಸಿದರು. ಈಗ ಐಸ್ ಹಾಕಿಯಲ್ಲಿ ಹೊಡೆಯುವ ಪಕ್ ಅನ್ನುವ ಬಿಲ್ಲೆಯ ಅಜ್ಜ ಅದು. ಆದರೂ ಕೊನೆಗೆ ಹೊಡೆದಾಟವಾಗಿ ಬೆಂಚುಗಳು ಮುರಿದವು ಅಂತ ಕಿಂಗ್‌ಸ್ಟನ್ ಊರಿನ ಪತ್ರಿಕೆ ಬರೆಯಿತು. ಹಾಕಿ ಅವತ್ತಿನಿಂದ ಬದಲಾಗೇ ಇಲ್ಲ ನೋಡಿ.

ಬೇಸಿಗೆಯ ಆಟ ಅಂದರೆ ಲಕ್ರಾಸ್. ಅದು ಮೂಲನಿವಾಸಿಗಳದ್ದು. ಜಾಳಿಗೆ ಕೋಲಿನಲ್ಲಿ ಚೆಂಡು ಹಿಡಿದು ಓಡುವ ಆಟ. 1763ರ ಜೂನ್ 2ರಂದು ಬ್ರಿಟಿಷರ ಕೈಲಿದ್ದ ಮಿಶಿಲಿಮ್ಯಾಕಿನಾಕ್ ಕೋಟೆಯ ಹೊರಗೆ ಓಜಿಬ್ವೆ ಅನ್ನುವ ಮೂಲನಿವಾಸಿ ಜನ ಇಂಥದ್ದೇ ಆಟ ಆಡುತ್ತಿದ್ದರು. ಬ್ರಿಟಿಷ್ ಸೈನಿಕರು ಬಾಗಿಲು ತೆರೆದಿಟ್ಟುಕೊಂಡು ನೋಡುತ್ತಾ ನಿಂತಿದ್ದರು. ಚೆಂಡು ಕೋಟೆಯ ಕಡೆ ಹಾರಿತು, ಆಟಗಾರರು ಹಿಂದೆಯೇ ನುಗ್ಗಿದರು. ಹೆಂಗಸರು ಕಂಬಳಿಯೊಳಗೆ ಆಯುಧ ಅಡಗಿಸಿಕೊಂಡು ಕಾಯುತ್ತಿದ್ದರು. ಕೋಟೆ ಅವರ ಕೈಗೆ ಬಂತು.

ನೂರು ವರ್ಷದ ಮೇಲೆ ಮಾಂಟ್ರಿಯಲ್‌ನ ಹಲ್ಲಿನ ಡಾಕ್ಟರ್ ಜಾರ್ಜ್ ಬಿಯರ್ಸ್ ಈ ಆಟಕ್ಕೆ ನಿಯಮ ಬರೆದು, ಇದೇ ನಮ್ಮ ರಾಷ್ಟ್ರೀಯ ಆಟ ಅಂತ ಸಾರಿದರು. 1876ರಲ್ಲಿ ಕಾನಾವಾಗೆ ಊರಿನ ಮೋಹಾಕ್ ಮೂಲನಿವಾಸಿ ಆಟಗಾರರನ್ನು ಬ್ರಿಟನ್ನಿಗೆ ಕರೆದೊಯ್ದು ರಾಣಿ ವಿಕ್ಟೋರಿಯಾ ಎದುರು ಆಡಿಸಿದ್ದೂ ಆಯಿತು. ಆಮೇಲೆ 1880ರಲ್ಲಿ 'ಹವ್ಯಾಸಿಗಳಿಗೆ ಮಾತ್ರ' ಅನ್ನುವ ನಿಯಮ ಬಂತು. ದುಡ್ಡು ಪಡೆದು ಆಡುವವರು ಅಂತ ಮೂಲನಿವಾಸಿಗಳನ್ನೇ ಹೊರಗಿಟ್ಟರು. ಅವರ ಆಟ, ಅವರಿಗೇ ಬಾಗಿಲು ಬಂದ್! ಈ ಕಥೆ ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನು ಕ್ರಿಕೆಟ್. ಸಂಜೆ ಎರಡು ಗಂಟೆಯಲ್ಲಿ ಮುಗಿಯುವ ಬೇಸ್‌ಬಾಲ್ ಕೂಲಿಯವನಿಗೂ ಸರಿಹೋಯಿತು. 1871ರಲ್ಲಿ ಬ್ರಿಟಿಷ್ ಸೈನ್ಯ, ಹ್ಯಾಲಿಫ್ಯಾಕ್ಸ್ ಒಂದನ್ನು ಬಿಟ್ಟು, ಹಡಗು ಹತ್ತಿತು. ಕ್ರಿಕೆಟ್ ಆಡುವವರೂ ಆಡಿಸುವವರೂ ಕಡಿಮೆಯಾದರು. ನಮ್ಮಲ್ಲಿ ದಂಡು 1947ರ ತನಕ ಇತ್ತು, ವರ್ಷದಲ್ಲಿ ಎಂಟು ತಿಂಗಳು ಬಿಸಿಲೂ ಇತ್ತು.

ಹೋದ ಸಲ ಇಷ್ಟನ್ನೂ ಮಾವನಿಗೆ ಹೇಳಿದೆ. 1996ರ ಸಹಾರಾ ಕಪ್ ನೆನಪಿಸಿದೆ. ಭಾರತ-ಪಾಕಿಸ್ತಾನ ಆಡಿದ ಆ ಮೈದಾನದ ಹೆಸರೇ ಟೊರಾಂಟೊ ಕ್ರಿಕೆಟ್, ಸ್ಕೇಟಿಂಗ್ ಆ್ಯಂಡ್ ಕರ್ಲಿಂಗ್ ಕ್ಲಬ್. "ಕರ್ಲಿಂಗ್ ಅಂದ್ರೇನೋ?" ಅಂದರು. ಕಲ್ಲನ್ನು ಐಸ್ ಮೇಲೆ ಜಾರಿಸಿ ಬಿಟ್ಟು, ಅದರ ಮುಂದೆ ಪೊರಕೆ ಹಿಡಿದು ಉಜ್ಜುತ್ತಾ ಹೋಗುವುದು ಅಂತ ಹೇಳಿದೆ.

ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಗುಡಿಸೋಕೂ ಕ್ಲಬ್ ಇದ್ಯಾ? ನಿಮ್ಮ ಮಾವನ್ನ ಒಂದ್ಸಲ ಕರ್ಕೊಂಡು ಹೋಗು."