ಸಿ.ಡಿ. ಕೆಡುವುದು ಹೆಸರು ಬರೆದ ಮಗ್ಗುಲಿನಿಂದ

ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಹಳೆಯ ಮನೆಯ ಕಪಾಟನ್ನು ಕಳೆದ ವಾರ ಖಾಲಿ ಮಾಡುವಾಗ ಎರಡು ಸಿ.ಡಿ.ಗಳು ಸಿಕ್ಕವು. ಒಂದು, ಅಪ್ಪ 1990ರ ದಶಕದಲ್ಲಿ ಕೊಂಡ ಕುಮಾರ ಗಂಧರ್ವರ ಗಾಯನದ್ದು. ಇನ್ನೊಂದು, 2006ರಲ್ಲಿ ತಂಗಿಯ ಮದುವೆಯ ಫೋಟೋಗಳನ್ನು ಸ್ಟುಡಿಯೋದವರು ತುಂಬಿಕೊಟ್ಟದ್ದು. ಹಾಡಿನ ಸಿ.ಡಿ. ಎಲ್ಲಿಯೂ ತೊಡರದೆ ಕೊನೆಯವರೆಗೆ ನುಡಿಯಿತು. ಅದಕ್ಕಿಂತ ಕಿರಿಯದಾದ ಮದುವೆಯ ಸಿ.ಡಿ.ಯನ್ನು ಮಾತ್ರ ಕಂಪ್ಯೂಟರು ಬಹಳ ಹೊತ್ತು ಸುತ್ತಿಸಿ, ಏನೂ ಓದಲಾಗದೆ ಹೊರಗೆ ತಳ್ಳಿತು.

ಹೊರನೋಟಕ್ಕೆ ಒಂದೇ ರೀತಿ ಕಂಡರೂ ಇವೆರಡೂ ಬೇರೆ ಬೇರೆ ವಸ್ತುಗಳು. ಕಾರ್ಖಾನೆಯ ಸಿ.ಡಿ.ಯಲ್ಲಿ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮೇಲೆ ಹಾಡಿನ ಮಾಹಿತಿಯನ್ನು ಹೊತ್ತ ಸೂಕ್ಷ್ಮ ತಗ್ಗುಗಳನ್ನು ಅಚ್ಚೊತ್ತಿ, ಅದರ ಮೇಲೆ ತೀರ ತೆಳುವಾದ ಅಲ್ಯುಮಿನಿಯಮ್ ಪದರ ಕೂಡಿಸಿ, ಕೊನೆಗೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ವಾರ್ನಿಷ್ ಬಳಿದು ಹೆಸರು ಮುದ್ರಿಸಿರುತ್ತಾರೆ. ಅಂದರೆ, ನಾವು ವರ್ಷಗಟ್ಟಲೆ ಮೆತ್ತನೆಯ ಬಟ್ಟೆಯಿಂದ ಒರೆಸಿ ಕಾಪಾಡಿದ ಕೆಳಮಗ್ಗುಲಿಗೆ ದಪ್ಪ ಪ್ಲಾಸ್ಟಿಕ್ಕಿನ ರಕ್ಷಣೆ ಮೊದಲೇ ಇತ್ತು. ಮೇಜಿನ ಮೇಲೆ ಬೋರಲು ಹಾಕಿ ಗೀಚಿಸುತ್ತಿದ್ದ ಮೇಲ್ಮಗ್ಗುಲೇ ಅದರ ಮರ್ಮಸ್ಥಾನ. ಆ ವಾರ್ನಿಷ್ ಎಲ್ಲಿಯಾದರೂ ಬಿರಿದರೆ, ಅಥವಾ ಅಂಚಿನಲ್ಲಿ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ, ನಮ್ಮೂರಿನ ಮಳೆಗಾಲದ ತೇವ ಒಳಗಿಳಿದು ಅಲ್ಯುಮಿನಿಯಮ್ಮನ್ನು ಆಕ್ಸೈಡ್ ಆಗಿಸುತ್ತದೆ. ಆಕ್ಸೈಡ್ ಪಾರದರ್ಶಕವಾದ್ದರಿಂದ ಅಲ್ಯುಮಿನಿಯಮ್ಮಿಗೆ ಬಡಿದು ಹಿಂದಿರುಗಿ ಹಾಡನ್ನು ಓದಿಸಬೇಕಾದ ಲೇಸರ್ ಕಿರಣ ಹಿಂದಿರುಗದೆ ಆರುಪಾರಾಗಿ ಹೋಗುತ್ತದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯಲ್ಲಿ 1988ರಿಂದ 1993ರ ಸುಮಾರಿಗೆ ತಯಾರಾದ ಕೆಲವು ಸಿ.ಡಿ.ಗಳು ವಾರ್ನಿಷಿನ ದೋಷದಿಂದಲೇ ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. ಸಿ.ಡಿ.ಯನ್ನು ಯಂತ್ರ ನಡುವಿನಿಂದ ಅಂಚಿನ ಕಡೆಗೆ ಓದುವುದರಿಂದ, ಇಂಥ ಕೇಡು ಮೊದಲು ಮುಟ್ಟುವುದು ಕೊನೆಯ ಹಾಡುಗಳನ್ನು.

ಅಪ್ಪನ ಸಿ.ಡಿ.ಯನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕಿನ ಎರಡು ಚುಕ್ಕೆಗಳು ಕಂಡವು. ಅವು ಕಾರ್ಖಾನೆಯಿಂದಲೇ ಬಂದಿರಬಹುದು, ಹಾಡಿಗೇನೂ ಅಡ್ಡಿಯಾಗಿಲ್ಲ. ಸಿ.ಡಿ.ಯ ದೋಷ ತಿದ್ದುವ ಲೆಕ್ಕಾಚಾರ ಸುಮಾರು 2.5 ಮಿಲಿಮೀಟರ್ ಉದ್ದದ ಮಾಹಿತಿ ಒಟ್ಟಿಗೆ ಅಳಿದರೂ ಅದನ್ನು ಪೂರ್ತಿಯಾಗಿ ಮರಳಿ ಕಟ್ಟಬಲ್ಲದು. ಉಪಕಾರದ ಜೊತೆ ಇದೊಂದು ಮೋಸವೂ ಹೌದು: ಒಳಗೆ ಕೇಡು ಬೆಳೆಯುತ್ತಿದ್ದರೂ ಕಿವಿಗೆ ತಿಳಿಯುವುದಿಲ್ಲ, ಮಿತಿ ಮೀರಿದ ದಿನ ಒಮ್ಮೆಲೇ ತೊಡರತೊಡಗುತ್ತದೆ.

ಸ್ಟುಡಿಯೋದವರು ತುಂಬಿಕೊಡುವ ಸಿ.ಡಿ.ಯಲ್ಲಿ ತಗ್ಗುಗಳೇ ಇರುವುದಿಲ್ಲ. ಪ್ಲಾಸ್ಟಿಕ್ಕಿಗೂ ಹೊಳೆಯುವ ಪದರಕ್ಕೂ ನಡುವೆ ಬಣ್ಣದ ಲೇಪವಿದ್ದು, ಲೇಸರಿನ ಕಾವಿನಿಂದ ಅದರಲ್ಲಿ ಗುರುತು ಮೂಡಿಸುತ್ತಾರೆ. ಬಿಸಿಲಿಗೆ ಹಾಕಿದ ಸೀರೆಯ ಬಣ್ಣ ಮಾಸುವಂತೆ ಈ ಬಣ್ಣವೂ ಬೆಳಕಿಗೆ, ಕಾವಿಗೆ ಮಾಸುತ್ತದೆ. ನಮ್ಮ ಮದುವೆಯ ಸಿ.ಡಿ. ಬಹುಕಾಲ ಟಿ.ವಿ.ಯ ಪಕ್ಕದ ಕಿಟಕಿಯಲ್ಲಿತ್ತು. ಸಾಲದ್ದಕ್ಕೆ ಅದರ ಮೇಲೆ ಗಣಪತಿಯ ಚಿತ್ರವಿದ್ದ ಕಾಗದವನ್ನು ಅಂಟಿಸಿದ್ದರು.

ಕಾಕಾನ ಮನೆಯ ಹಳೆಯ ಕಂಪ್ಯೂಟರಿನ ಡ್ರೈವು ಅದನ್ನು ನಿಧಾನವಾಗಿ ಓದಿ, ಅರಿಶಿಣದ ದಿನದ ಫೋಟೋಗಳನ್ನಷ್ಟೇ ಕೊಟ್ಟಿತು. ಅಕ್ಷತೆಯ ಫೋಟೋಗಳು ಬರಲಿಲ್ಲ. ಇನ್ನು ಉಳಿಸಿಕೊಳ್ಳುವುದೇನೂ ಇಲ್ಲವೆಂದು ಆ ಕಾಗದದ ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆದೆ. ಬೆಳ್ಳಿಯ ಹೊಳಪು ಪೊರೆಯಂತೆ ಕಾಗದದೊಂದಿಗೇ ಎದ್ದು ಬಂತು. ಕೈಯಲ್ಲಿ ಉಳಿದ ತಟ್ಟೆಯ ಆಚೆ ಗೋಡೆಯ ಕ್ಯಾಲೆಂಡರು ಕಾಣಿಸುತ್ತಿತ್ತು.