ಮನಾಲಿಯಿಂದ ಲೇಹ್‌ಗೆ: ದೇಣಿಗೆಗಾಗಿ ಹೊರಟ ಸೈಕಲ್ ತಂಡದ ದಾರಿ

ಮನಾಲಿ–ಲೇಹ್ ರಸ್ತೆಯ ಏರು ಹೆಸರಿಗೆ ತಕ್ಕಷ್ಟು ಕಡಿದಲ್ಲ. ಮನಾಲಿಯಿಂದ ಹಳೇ ರಸ್ತೆಯಲ್ಲಿ ರೋಹ್ತಾಂಗ್ ಪಾಸ್ 51 ಕಿ.ಮೀ., ಏರಬೇಕಾದ ಎತ್ತರ ಸುಮಾರು 1,930 ಮೀಟರ್. ನೂರು ಮೀಟರ್ ಸಾಗಿದರೆ ನಾಲ್ಕು ಮೀಟರ್ ಕೂಡ ಏರಿರುವುದಿಲ್ಲ. ಆಗುಂಬೆ ಘಟ್ಟ ಇದಕ್ಕಿಂತ ಕಡಿದು. ತಂಡಗಳು ಇಲ್ಲಿ ಸೋಲುವುದು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಲೆಕ್ಕ ತಪ್ಪಿದಾಗ. ದೇಣಿಗೆ ಸಂಗ್ರಹಕ್ಕೆ ಹೊರಟ ತಂಡಕ್ಕೆ ಇನ್ನೊಂದು ತೊಡಕಿದೆ: ಹಣ ಕೊಟ್ಟವರಿಗೆ ಮಾತು ಕೊಟ್ಟಾಗಿದೆ ಎಂಬ ಹಟ.

ಅದಕ್ಕೇ ಹಣದ ವಿಷಯ ಮೊದಲು. 'ಕಿಲೋಮೀಟರಿಗೆ ಇಷ್ಟು ರೂಪಾಯಿ' ಎಂಬ ಕರಾರು ಬೇಡವೇ ಬೇಡ. ತಲೆನೋವು, ವಾಂತಿ ಶುರುವಾದವನು ಗಾಡಿ ಹತ್ತಿದರೆ ಮಕ್ಕಳ ಆಸ್ಪತ್ರೆಗೋ ಶಾಲೆಗೋ ನಷ್ಟವಾಗುತ್ತದೆಂದು ಪೆಡಲ್ ತುಳಿಯುತ್ತಲೇ ಇರುತ್ತಾನೆ. ದೇಣಿಗೆ ಇಡೀ ತಂಡದ ಹೆಸರಲ್ಲಿರಲಿ, ಮೊತ್ತ ಹೊರಡುವ ಮುನ್ನವೇ ನಿಗದಿಯಾಗಿರಲಿ, ಅರ್ಧ ದಾರಿಯಲ್ಲಿ ನಿಂತರೂ ಅದು ಕಡಿಮೆಯಾಗದಿರಲಿ. ಊಟ, ಗಾಡಿ, ಡೇರೆಯ ಖರ್ಚನ್ನು ಸವಾರರೇ ಹಂಚಿಕೊಂಡು ಭರಿಸಬೇಕು; ದೇಣಿಗೆ ನೇರ ಸಂಸ್ಥೆಯ ಖಾತೆಗೇ ಹೋಗಬೇಕು. ತೆರಿಗೆ ವಿನಾಯಿತಿ ಬೇಕೆನ್ನುವವರಿಗೆ 2,000 ರೂಪಾಯಿಗಿಂತ ಹೆಚ್ಚಿನ ನಗದು ನಡೆಯದು. ಹೊರದೇಶದ ಗೆಳೆಯರಿಂದ ಹಣ ಬರುವುದಿದ್ದರೆ ಸಂಸ್ಥೆಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇನ್ನು ದಾರಿ. ಮೊದಲ ರಾತ್ರಿಗೆ ಮಢಿ. ಮನಾಲಿಯಿಂದ ಸುಮಾರು 35 ಕಿ.ಮೀ., ಎತ್ತರ 3,300 ಮೀಟರ್ ಆಸುಪಾಸು. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಸರಕು ಲಾರಿಗಳ ಕಾಟ ಹಳೇ ರಸ್ತೆಯಲ್ಲಿ ಕಡಿಮೆಯಾಗಿದೆ, ಪ್ರವಾಸಿ ಕಾರುಗಳ ಕಾಟ ಹಾಗೇ ಇದೆ. ಬೆಳಿಗ್ಗೆ ಐದೂವರೆಗೆ ಹೊರಟರೆ ಅವು ಬರುವ ಮುಂಚೆ ಅರ್ಧ ಏರು ಮುಗಿದಿರುತ್ತದೆ. ಸಾಮಾನಿನ ಗಾಡಿ ಸುರಂಗದಲ್ಲಿ ಹೋದರೆ ರೋಹ್ತಾಂಗ್ ಪರವಾನಗಿಯ ಗೋಜಿಲ್ಲ. ಆದರೆ ಸವಾರರ ಹಿಂದೆ ಒಂದು ಗಾಡಿ ಬೇಕೇಬೇಕು, ಅದಕ್ಕೆ ಪರವಾನಗಿ ಮಾಡಿಸಲೇಬೇಕು.

ರೋಹ್ತಾಂಗ್‌ನಿಂದ ಖೋಕ್ಸರ್‌ಗೆ ಸುಮಾರು 20 ಕಿ.ಮೀ. ಇಳಿಜಾರು. ಬ್ರೇಕ್ ಕೈಕೊಡುವುದು ಇಲ್ಲೇ. ರೆಸಿನ್ ಪ್ಯಾಡ್ ಒದ್ದೆ ಕೆಸರಿನಲ್ಲಿ ಬೇಗ ಸವೆಯುತ್ತದೆ, ಲೋಹಮಿಶ್ರಿತ ಪ್ಯಾಡ್ ಸದ್ದು ಮಾಡಿದರೂ ಬಾಳಿಕೆ ಬರುತ್ತದೆ. ಲಿವರ್ ಹಿಡಿದುಕೊಂಡೇ ಇಳಿಯಬಾರದು. ತಿರುವಿಗೆ ಮುನ್ನ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಮತ್ತೆ ಪೂರ್ತಿ ಬಿಡಬೇಕು. ಡಿಸ್ಕ್ ತಣಿಯಲು ಆ ಬಿಡುವೇ ಸಾಕು.

ಚಂದ್ರಾ, ಭಾಗಾ ನದಿಗಳು ಕೂಡುವ ತಾಂಡಿ, ಆಮೇಲೆ ಕೇಲಾಂಗ್, ಆಮೇಲೆ 3,200 ಮೀಟರಿನ ಜಿಸ್ಪಾ. ಈ ಹಾದಿ ಸಲೀಸು. ಸಲೀಸೆಂದೇ ಅನೇಕ ತಂಡಗಳು ಜಿಸ್ಪಾದಿಂದ ಮರುದಿನವೇ 4,290 ಮೀಟರಿನ ಸರ್ಚುಗೆ ಹಾರುತ್ತವೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು ಎಂಬ ವೈದ್ಯರ ಸಲಹೆಗೆ ಇದು ಎರಡರಷ್ಟು. ಜಿಸ್ಪಾದಲ್ಲಿ ಎರಡು ರಾತ್ರಿ (ಮುಂದಿನ ಏರು 600 ಮೀಟರ್ ಆದ್ದರಿಂದ), ಸುಮಾರು 3,800 ಮೀಟರಿನ ಪಟ್ಸಿಯೋದಲ್ಲಿ ಒಂದು, 4,270 ಮೀಟರಿನ ಝಿಂಗ್‌ಝಿಂಗ್‌ಬಾರ್‌ನಲ್ಲಿ ಒಂದು ಕಳೆದು ಸರ್ಚು ಸೇರುವುದೇ ಸರಿ. ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು, ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ ಅದನ್ನೂ ಹೇಳಬೇಕು.

ಇಷ್ಟು ಒತ್ತಿ ಹೇಳಲು ಕಾರಣ ಸರ್ಚುವಿನ ಭೂಗೋಳ. ಎತ್ತರದ ಕಾಯಿಲೆಗೆ ನಿಜವಾದ ಮದ್ದೆಂದರೆ ಕೆಳಗಿಳಿಯುವುದು. ಸರ್ಚುವಿನಿಂದ ರಸ್ತೆ ಹಿಡಿದು ಇಳಿಯಬೇಕೆಂದರೆ ಮೊದಲು ಏರಲೇಬೇಕು: ಹಿಂದೆ 4,890 ಮೀಟರಿನ ಬಾರಾಲಾಚಾ, ಮುಂದೆ ನಕೀ ಲಾ ('ಲಾ' ಎಂದರೆ ಪಾಸ್), ಅದರಾಚೆ 5,000 ಮೀಟರ್ ಮೀರಿದ ಲಾಚುಂಗ್ ಲಾ. ಅದರಾಚೆಯ ತಂಗುದಾಣ ಪಾಂಗ್‌ನಲ್ಲೂ ಇದೇ ಕತೆ. ರಾತ್ರಿ ಹನ್ನೊಂದಕ್ಕೆ ಒಬ್ಬರಿಗೆ ಉಸಿರು ಕಟ್ಟಿದರೆ ಪಾಸ್ ದಾಟುವವರೆಗೆ ಆಮ್ಲಜನಕ ಕೊಡುತ್ತಲೇ ಗಾಡಿ ಓಡಿಸಬೇಕು. ಅಂಗಡಿಯಲ್ಲಿ ಸಿಗುವ 10 ಲೀಟರಿನ ಸ್ಪ್ರೇ ಡಬ್ಬಿ ನಿಮಿಷಕ್ಕೆ ಎರಡು ಲೀಟರಿನಂತೆ ಐದು ನಿಮಿಷಕ್ಕೆ ಖಾಲಿ. 1,500 ಲೀಟರ್ ಅನಿಲ ಹಿಡಿಯುವ ಬಿ-ಟೈಪ್ ಸಿಲಿಂಡರ್ ನಿಮಿಷಕ್ಕೆ ನಾಲ್ಕು ಲೀಟರಿನಂತೆ ಆರು ತಾಸು ಬರುತ್ತದೆ. ರೆಗ್ಯುಲೇಟರ್, ಮಾಸ್ಕ್, ಸ್ಪ್ಯಾನರ್ ಜೊತೆಗೇ ಇರಲಿ. ಸಿಲಿಂಡರ್ ಇದ್ದು ಸ್ಪ್ಯಾನರ್ ಇಲ್ಲದಿದ್ದರೆ ಹೊತ್ತು ತಂದಿದ್ದು ದಂಡ.

ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಹಿಮ್ಮಡಿಗೆ ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನೇರ ನಡೆಯಲಿ. ತೂರಾಡಿದವರು ಮೆದುಳಿನ ಊತದ ಶಂಕೆಯವರು, ಬೆಳಗಾಗಲೆಂದು ಕಾಯುವಂತಿಲ್ಲ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದ್ದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದನ್ನೇ ನಂಬಬೇಡಿ, ಬೆರಳು ತಣ್ಣಗಿದ್ದರೆ ಅದು ತಪ್ಪು ತೋರಿಸುತ್ತದೆ.

ರಸ್ತೆಗೆ ಅಡ್ಡ ಹರಿಯುವ ನಾಲಾಗಳ ವಿಷಯ ಸರಳ: ಬಿಸಿಲೇರಿದಷ್ಟೂ ಹಿಮ ಕರಗಿ ನೀರೇರುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಮಧ್ಯಾಹ್ನ ಮೂರಕ್ಕೆ ಮೊಣಕಾಲು ದಾಟಬಹುದು. ಹತ್ತು ಗಂಟೆಯೊಳಗೆ ದಾಟಿ, ಸೈಕಲ್ಲನ್ನು ಹರಿವಿನ ಕೆಳಬದಿಗೆ ಹಿಡಿದು ತಳ್ಳಿಕೊಂಡು ಹೋಗಿ. ಮೇಲ್ಬದಿಗೆ ಹಿಡಿದರೆ ನೀರು ಅದನ್ನೇ ನಿಮ್ಮ ಕಾಲಿಗೆ ಒತ್ತಿ ಬೀಳಿಸುತ್ತದೆ. ದಾಟಿದ ಮೇಲೆ ಚೈನ್ ಒರೆಸಿ ಎಣ್ಣೆ ಬಿಡದಿದ್ದರೆ ಮರುದಿನ ಅದು ಕಿರುಗುಟ್ಟುತ್ತದೆ.

ಸರ್ಚು ದಾಟಿದ ಮೇಲೆ ಸಿಗುವ ಗಾಟಾ ಲೂಪ್ಸ್‌ನಲ್ಲಿ 21 ತಿರುವು. 22 ಹಲ್ಲಿನ ಮುಂಚಕ್ರ, 34 ಹಲ್ಲಿನ ಹಿಂಚಕ್ರ ಇರುವ ಸೈಕಲ್ಲಿನಲ್ಲಿ ನಿಮಿಷಕ್ಕೆ 70 ಸಲ ತುಳಿದರೆ ಗಂಟೆಗೆ ಆರು ಕಿ.ಮೀ. ಹತ್ತಿರ. ಅಷ್ಟು ಸಾಕು. ತಿರುವುಗಳ ನಡುವಿನ ಕಾಲುಹಾದಿಯಲ್ಲಿ ಸೈಕಲ್ ತಳ್ಳಿ ಉಳಿಸುವ ದೂರಕ್ಕಿಂತ ಕಳೆದುಕೊಳ್ಳುವ ಉಸಿರೇ ಹೆಚ್ಚು. ಮುಂದಿನವರು ಎಷ್ಟೇ ಗಟ್ಟಿಗರಿರಲಿ, ದಿನದ ದೂರವನ್ನು ಅತಿ ನಿಧಾನದ ಸವಾರನ ವೇಗಕ್ಕೇ ಲೆಕ್ಕ ಹಾಕಬೇಕು. ಕೊನೆಯಲ್ಲಿ ಬರುವವನ ಬಳಿ ಉಪಕರಣ, ಔಷಧಿ ಎರಡೂ ಇರಬೇಕು, ಅವನನ್ನು ದಾಟಿ ಯಾರೂ ಹಿಂದುಳಿಯಬಾರದು.

ಬಿಡಿಭಾಗದಲ್ಲಿ ಎಲ್ಲರೂ ಮರೆಯುವುದು ಡಿರೈಲರ್ ಹ್ಯಾಂಗರ್, ಅಂದರೆ ಗೇರ್ ಬದಲಿಸುವ ಡಿರೈಲರನ್ನು ಚೌಕಟ್ಟಿಗೆ ಹಿಡಿಸುವ ತುಂಡು. ಗಾಡಿಯ ಮೇಲೆ ಸೈಕಲ್ ಮಲಗಿಸಿದಾಗ ಬಾಗುವುದು ಅದೇ, ಒಂದು ಮಾದರಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಪ್ರತಿ ಮಾದರಿಗೊಂದು ಇಟ್ಟುಕೊಳ್ಳಿ. ಟ್ಯೂಬ್ ತಲೆಗೆರಡು, ಬ್ರೇಕ್ ಪ್ಯಾಡ್ ತಲೆಗೊಂದು ಜೊತೆ, ಅಳತೆಗೆ ತಕ್ಕ ಚಕ್ರದ ಕಡ್ಡಿ, ಚೈನ್ ಕೂಡಿಸುವ ಲಿಂಕ್. ಎಲ್ಲರ ಚಕ್ರವೂ ಒಂದೇ ಅಳತೆಯದಾದರೆ ಅರ್ಧ ಹೊರೆ ಇಳಿದಂತೆ. ಎತ್ತರಕ್ಕೆ ಹೋದಂತೆ ಟೈರ್ ಒಡೆಯುತ್ತದೆಂಬ ಭಯ ಬೇಡ: ಹೊರಗಿನ ಒತ್ತಡ ಕುಸಿದು ಮಾಪಕ ನಾಲ್ಕು ಪಿಎಸ್‌ಐ ಏರಿದರೂ ಚಳಿ ಅದನ್ನು ಹೆಚ್ಚುಕಡಿಮೆ ಇಳಿಸಿಬಿಡುತ್ತದೆ.

ಪಾಂಗ್ ದಾಟಿದರೆ ಮೋರೆ ಬಯಲು, ಸುಮಾರು 40 ಕಿ.ಮೀ. ಚಪ್ಪಟೆ. ಮಧ್ಯಾಹ್ನದ ಎದುರುಗಾಳಿಗೆ ಇಲ್ಲಿ ಮರೆಯೇ ಇಲ್ಲ. ಐದೈದು ಜನ ಸಾಲಾಗಿ ಹೋಗಿ, ಮುಂದಿನವರನ್ನು ಐದು ನಿಮಿಷಕ್ಕೊಮ್ಮೆ ಬದಲಿಸಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯದು, ತಂಡದಲ್ಲಿ ಕೆಲವರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. 5,328 ಮೀಟರಿನ ತಾಂಗ್ಲಾಂಗ್ ಲಾ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಫೋಟೋ ತೆಗೆದು ಹತ್ತು ನಿಮಿಷದಲ್ಲಿ ಇಳಿಯಿರಿ, ಬೆವರಿದ ಅಂಗಿಯ ಮೇಲೆ ಗಾಳಿ ತಡೆಯುವ ಜಾಕೆಟ್ ಹಾಕಿಯೇ. ರುಮ್ತ್ಸೆಯಲ್ಲಿ ಮಲಗಿ, ಉಪ್ಶಿಯಲ್ಲಿ ಸಿಂಧೂ ನದಿ ಸಿಕ್ಕ ಮೇಲೆ ಎಲ್ಲ ಇಳಿಜಾರೇ ಎಂದುಕೊಳ್ಳಬೇಡಿ: ಕೊನೆಯ ಕಿಲೋಮೀಟರುಗಳಲ್ಲಿ ಲೇಹ್ ಪೇಟೆಗೆ ಏರಬೇಕು, ಸೇನೆಯ ಲಾರಿಗಳ ಸಾಲಿನ ಪಕ್ಕದಲ್ಲೇ.

ಲೇಹ್‌ನಲ್ಲಿ ಸೈಕಲ್ ಪೆಟ್ಟಿಗೆ ಕಟ್ಟುವಾಗ ಎಡ ಪೆಡಲಿನ ತಿರುಪು ಉಲ್ಟಾ, ಬಲಕ್ಕೆ ತಿರುಗಿಸಿ ಬಿಚ್ಚಬೇಕು. ಹ್ಯಾಂಗರ್ ಸಮೇತ ಡಿರೈಲರ್ ಬಿಚ್ಚಿ ಚೌಕಟ್ಟಿನೊಳಗೆ ಕಟ್ಟಿಡಿ.